ಸೂರ್ಯನ ಪಾಲಿನ ಗೋಧಿ

ರಾಗಿ ಬೆಳೆಯುವ ಊರಿನಲ್ಲಿ ಗೋಧಿಯ ಸಂಶೋಧನೆ ಮಾಡಬೇಕೆಂದು ಮೊದಲು ಯಾರಿಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಸರ್ಕಾರಕ್ಕೇ ಹೊಳೆದಿರಬೇಕು, ಇಂಥವೆಲ್ಲ ಅದಕ್ಕೇ ಹೊಳೆಯುವುದು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಕೆ.ಆರ್. ಪುರದಿಂದ ಸ್ವಲ್ಪ ಆಚೆ, ಸುತ್ತಲೂ ರಾಗಿಹೊಲ, ದ್ರಾಕ್ಷಿ ಚಪ್ಪರ, ಹೂವಿನ ತೋಟಗಳ ನಡುವೆ ಮುಳ್ಳುತಂತಿ ಹಾಕಿಕೊಂಡು ನಮ್ಮ ಸಂಶೋಧನಾ ಕ್ಷೇತ್ರ ಕೂತಿತ್ತು. ತಗಡಿನ ಶೆಡ್ಡು ಒಂದು, ಎರಡು ಕೋಣೆಯ ಲ್ಯಾಬು ಒಂದು, ಎಕರೆಗಟ್ಟಲೆ ಬೋರ್ಡು. ಬಿಎಸ್ಸಿ ಬಾಟನಿ ಮುಗಿಸಿದ್ದ ನಾನು ಅಲ್ಲಿ ಟೆಂಪರರಿ ರಿಸರ್ಚ್ ಅಸಿಸ್ಟೆಂಟ್. ಇಡೀ ಆಫೀಸಿಗೆ ಒಬ್ಬಳೇ ಹೆಂಗಸು. ಅದರಿಂದಾಗಿ ರಂಗೋಲಿ ಹಾಕುವುದು, ಬಂದವರಿಗೆ ಕುಂಕುಮ ಕೊಡುವುದು, ಸಸ್ಯಗಳ ಜೀವಕೋಶ ಪರೀಕ್ಷಿಸುವುದು, ಮೂರೂ ನನ್ನ ಡ್ಯೂಟಿ.

ಯೋಜನೆ ಏನೆಂದರೆ, ಗೋಧಿಗೂ ರೈ ಎಂಬ ಚಳಿದೇಶದ ಧಾನ್ಯಕ್ಕೂ ಸಂಬಂಧ ಮಾಡಿಸುವುದು. ಗೋಧಿ ನಾಜೂಕಿನ ಜೀವ, ತುಕ್ಕು ರೋಗ ಬಂದರೆ ಹೊಲಕ್ಕೆ ಹೊಲವೇ ಕೆಂಪಾಗಿ ಮಲಗುತ್ತದೆ. ರೈ ಹಾಗಲ್ಲ. ಬಡ ನೆಲ, ಹಿಮ, ರೋಗ, ಏನು ಬಂದರೂ ಮುಖ ಸಿಂಡರಿಸಿಕೊಂಡು ನಿಂತೇ ಇರುತ್ತದೆ, ಆದರೆ ಅದರ ರೊಟ್ಟಿ ಕಪ್ಪು. ರೈಯ ಗಟ್ಟಿತನವನ್ನು ಗೋಧಿಯ ಮೈಗೆ ಇಳಿಸಬೇಕು. ಹೊರದೇಶಗಳಲ್ಲಿ ಈ ಕೆಲಸ ಆಗಲೇ ನಡೆದಿತ್ತು. ನಮ್ಮ ಮುಖ್ಯಸ್ಥರು ಅಲ್ಲಿ ಕಲಿತು ಡಾಕ್ಟರೇಟು ತಂದವರು, ಇಲ್ಲೂ ಮಾಡಿ ತೋರಿಸುತ್ತೇನೆಂದು ದಿಲ್ಲಿಗೆ ಮಾತು ಕೊಟ್ಟಿದ್ದರು. ನಾವೆಲ್ಲ ಅವರನ್ನು ಡಾಕ್ಟರು ಎನ್ನುತ್ತಿದ್ದೆವು. ಅವರು ಹೊರದೇಶದಿಂದ ಎರಡು ಅಭ್ಯಾಸ ತಂದಿದ್ದರು: ಕಾಫಿಗೆ ಹಾಲು ಹಾಕದಿರುವುದು, ಹೊಲಕ್ಕೆ ಕಾಲು ಹಾಕದಿರುವುದು.

ನನ್ನ ಕೆಲಸ ಯೋಜನೆ ಇರುವಷ್ಟು ದಿನ. ಮಾರ್ಚಿಗೊಮ್ಮೆ ದಿಲ್ಲಿಯಿಂದ ಕಮಿಟಿ ಬಂದು ನೋಡಿ, ಸರಿ ಎಂದರೆ ಮುಂದಕ್ಕೆ, ಇಲ್ಲವೆಂದರೆ ಮನೆಗೆ. ಕಾರ್ಖಾನೆಯ ಬಸ್ಸಿಗೆ ಮುಂಜಾನೆಯೇ ಎದ್ದು ಓಡುತ್ತಿದ್ದ ನಮ್ಮಪ್ಪನಿಗೆ ಇದು ಕೆಲಸವೆಂದೇ ಅನ್ನಿಸಿರಲಿಲ್ಲ. "ಟೆಂಪರರಿ ಕೆಲ್ಸ, ಟೆಂಪರರಿ ಗೋಧಿ. ಮಾರ್ಚ್ ಆಗ್ಲಿ, ಆಮೇಲೆ ಗಂಡು ನೋಡ್ತೀನಿ" ಎನ್ನುತ್ತಿದ್ದರು. ಡಾಕ್ಟರು ಮಾತ್ರ ಒಂದು ಭರವಸೆ ಕೊಟ್ಟಿದ್ದರು. "ನೋಡಮ್ಮಾ, ಗೋಧಿ ರೈ ಕೂಡಿ ಒಂದು ಹಿಡಿ ಕಾಳು ಕಮಿಟಿ ಮುಂದೆ ಇಟ್ರೆ ಸಾಕು. ಸ್ಕೀಮೂ ಉಳಿಯುತ್ತೆ, ನಿನ್ನ ಪೋಸ್ಟೂ ಪರ್ಮನೆಂಟಾಗುತ್ತೆ. ನನ್ನ ಮಾತು." ಆ ಒಂದು ಹಿಡಿ ಕಾಳಿಗಾಗಿ ನಾನು ಎರಡು ಚಳಿಗಾಲ ಬಗ್ಗಿದ ಬೆನ್ನು ಎತ್ತಲಿಲ್ಲ.

ಮೊದಲ ತೊಂದರೆ ರೈಯದೇ. ಹುಟ್ಟಿದ ಮೇಲೆ ಒಂದಷ್ಟು ವಾರ ಗಡಗಡ ನಡುಗಿದರೇ ಅದು ಹೂ ಬಿಡುವುದು. ಬೆಂಗಳೂರಿನ ಚಳಿಯನ್ನು ನಾವು ಮಫ್ಲರ್ ಸುತ್ತಿಕೊಂಡು ಗೌರವಿಸುತ್ತೇವೆ, ರೈ ಅದಕ್ಕೆ ಮೂರು ಕಾಸಿನ ಬೆಲೆ ಕೊಡಲಿಲ್ಲ. ಆಫೀಸಿಗಿದ್ದ ಒಂದೇ ಫ್ರಿಜ್ಜು ಡಾಕ್ಟರ ಮನೆಯಲ್ಲಿ "ರಿಪೇರಿಗೆ" ಇತ್ತು. ಕೊನೆಗೆ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಐಸ್ ಫ್ಯಾಕ್ಟರಿ ಹುಡುಕಿದೆವು. ಮೀನು, ಮಾಂಸ ಇಡುವ ತಣ್ಣನೆಯ ಕೋಣೆ. ಬಾಗಿಲ ಪಕ್ಕದಲ್ಲಿ ಹೆಪ್ಪುಗಟ್ಟದಷ್ಟೇ ಚಳಿಯಿದ್ದ ಮೂಲೆಯೊಂದನ್ನು ನಮ್ಮ ಮೊಳಕೆಯ ತಟ್ಟೆಗಳಿಗೆ ಬಿಟ್ಟುಕೊಟ್ಟರು. ಫ್ಯಾಕ್ಟರಿಯ ಯಜಮಾನ, ಬಿಳಿ ಗಡ್ಡದ ಮುದುಕ, ತಟ್ಟೆಯನ್ನು ತಿರುವಿ ಮುರುವಿ ನೋಡಿ ಕೇಳಿದ:

"ಏನ್ ಬೇಟಿ, ಹುಲ್ಲಿಗೂ ಬರಫ್ ಬೇಕಾ?"

"ಇದು ಹುಲ್ಲಲ್ಲ ಚಾಚಾ, ಧಾನ್ಯ. ಚಳಿ ಹತ್ತಿದ್ರೇನೇ ಹೂ ಬಿಡೋದು."

"ಅಚ್ಛಾ! ನಮ್ಮಲ್ಲಿ ಚಳಿ ಹತ್ತಿದ್ರೆ ಶೀತ ಬರುತ್ತೆ, ಹೂ ಎಲ್ಲಿ ಬರುತ್ತೆ?" ಎಂದು ನಕ್ಕು, ನಿಂತೇ ಚಾ ಕುಡಿಸಿ ಕಳಿಸಿದ.

ನಮ್ಮ ಆಫೀಸ್ ಸೂಪರಿಂಟೆಂಡೆಂಟರು ಮಡಿವಂತರು. ಮಾಂಸದ ಪಕ್ಕದಲ್ಲಿ ಕೂತು ಬಂದ ತಟ್ಟೆಯನ್ನು ಜೀಪಿಗೆ ಹತ್ತಿಸಲು ಅವರು ಸುತರಾಂ ಒಪ್ಪಲಿಲ್ಲ, ಏಕೆಂದರೆ ಅದೇ ಜೀಪಿನಲ್ಲಿ ಅವರ ಮನೆಯ ತರಕಾರಿಯೂ ಹೋಗಬೇಕು. ನಮ್ಮ ಮನೆಯವರೂ ಮಾಂಸ ತಿನ್ನುವವರಲ್ಲ. ಆದರೆ ನಾನೇನು ಆ ರೈಯನ್ನು ತಿನ್ನಲು ಹೊರಟಿರಲಿಲ್ಲವಲ್ಲ. ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಸಿಟಿ ಬಸ್ಸಿನಲ್ಲೇ ಹೊರಟೆ.

ಅದು ಹಲಸೂರಿನಲ್ಲಿ ಅಮ್ಮನ ಹಬ್ಬದ ಕಾಲ. ಅಲ್ಲಿನ ತಮಿಳು ಹೆಂಗಸರು ಕಾಳುಗಳನ್ನು ಕತ್ತಲೆ ಕೋಣೆಯಲ್ಲಿ ಮೊಳೆಸಿ, ಬಿಸಿಲು ಕಾಣದೆ ಹಳದಿಯಾಗಿ ಉದ್ದಕ್ಕೆ ಬೆಳೆದ ಆ ಪೈರಿನ ಮಡಕೆಯನ್ನು ತಲೆಯ ಮೇಲೆ ಹೊತ್ತು ಗುಡಿಗೆ ಹೋಗುತ್ತಾರೆ. ಮುಳೈಪಾರಿ ಎಂದು ಅದರ ಹೆಸರು. ಕತ್ತಲ ಕೋಣೆಯಿಂದ ಬಂದ ನನ್ನ ರೈ ಕೂಡ ಹಳದಿ, ಉದ್ದ, ಬಳುಕುವ ಪೈರು. ಬಸ್ಸಿಗೆ ಕಾಲಿಟ್ಟದ್ದೇ ತಡ, ಹೂ ಮುಡಿದ ಮುದುಕಿಯೊಬ್ಬಳು ದಡಬಡಿಸಿ ಎದ್ದು "ಉಕ್ಕಾರಮ್ಮಾ" ಎಂದು ಸೀಟು ಬಿಟ್ಟುಕೊಟ್ಟಳು. ಪಕ್ಕದವಳು ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇನ್ನೊಬ್ಬಳು ಸೆರಗಿನ ಗಂಟಿನಿಂದ ಕುಂಕುಮ ತೆಗೆದು ರೈಯ ಬುಡಕ್ಕೆ ಹಾಕಿಯೇಬಿಟ್ಟಳು. ಕಂಡಕ್ಟರ್ ಟಿಕೆಟ್ಟು ಕೇಳಲೋ ಬೇಡವೋ ಎಂದು ಅನುಮಾನಿಸಿದ. "ಎಂದ ಕೋಯಿಲ್?" ಎಂದು ಮುದುಕಿ ಕೇಳಿದಳು. ಯಾವ ಗುಡಿಗೆ ಎಂದು. ನಾನು "ಕೆ.ಆರ್. ಪುರ" ಎಂದೆ. ಮಾಂಸದಂಗಡಿಯ ಮೈಲಿಗೆಯಿಂದ ಹೊರಟ ಬೆಳೆ ಅರ್ಧ ದಾರಿಯಲ್ಲೇ ದೇವರಾಗಿಬಿಟ್ಟಿತ್ತು. ಕ್ಷೇತ್ರದಲ್ಲಿ ಇಳಿಸಿಕೊಳ್ಳುವಾಗ ಕುಂಕುಮ ಕಂಡ ಸೂಪರಿಂಟೆಂಡೆಂಟರು ತಟ್ಟೆಗೆ ಎರಡೂ ಕೈ ಕೊಟ್ಟರು.

ರೈ ಹೂ ಬಿಟ್ಟಿತು. ಗೋಧಿಯೂ ತೆನೆ ತಂದಿತು. ಆಮೇಲಿನದು ಪೂರಾ ಕಣ್ಣು ಮತ್ತು ಬೆರಳಿನ ಕೆಲಸ. ಗೋಧಿಯ ಹೂವೆಂದರೆ ಹೊಟ್ಟಿನ ಒಳಗೆ ಅಡಗಿದ ಒಂದು ಚೂರು. ತನ್ನ ಪರಾಗ ತಾನೇ ಚೆಲ್ಲಿಕೊಂಡು ತನ್ನ ಸಂಸಾರ ತಾನೇ ಮುಗಿಸಿಕೊಳ್ಳುವ ಜಾತಿ ಅದು. ಹಾಗಾಗುವ ಮೊದಲೇ ಹೊಟ್ಟು ಬಿಡಿಸಿ, ಹಸಿರಾಗಿರುವ ಪರಾಗದ ಚೀಲಗಳನ್ನು ಚಿಮಟದಿಂದ ಒಂದೊಂದಾಗಿ ಕೀಳಬೇಕು. ಒಂದು ಒಡೆದರೂ ತೆನೆ ಕೆಟ್ಟಿತು. ಮೇಲೆ ಬೆಣ್ಣೆ ಕಾಗದದ ಟೊಪ್ಪಿ ಹಾಕಿ, ಎರಡು ಮೂರು ದಿನ ಬಿಟ್ಟು ಬೆಳಿಗ್ಗೆ ರೈಯ ಪರಾಗ ಉದುರಿಸಬೇಕು. ತೆನೆಗೊಂದೋ ಎರಡೋ ಕಾಳು ಕಟ್ಟಿದರೆ ಪುಣ್ಯ. ಅದೂ ತಾಯಿಗಿಡದ ಮೇಲೆ ಬಿಟ್ಟರೆ ಒಳಗೇ ಸಾಯುತ್ತದೆ, ಎಳೆಯ ಭ್ರೂಣವನ್ನು ಬಿಡಿಸಿ ಗಾಜಿನ ನಳಿಗೆಯಲ್ಲಿ ಸಾಕಬೇಕು. ಬಿಸಿಲಿನಲ್ಲಿ ಮೊಣಕಾಲೂರಿ ಕೂತು ಇದನ್ನು ಮಾಡುವುದು ನನಗೆ ಇಷ್ಟವಾಗಿತ್ತು. ಇಷ್ಟ ಎಂದರೆ ಸಾಲದು. ಚಿಮಟ ಹಿಡಿದರೆ ಅಪ್ಪನ ಗೊಣಗಾಟ, ಗಂಡಿನ ಜಾತಕ, ಊಟದ ಹೊತ್ತು, ಎಲ್ಲ ಮರೆತುಹೋಗುತ್ತಿತ್ತು. ಮುಂದೆ ಯಾವ ಕೆಲಸದಲ್ಲೂ ಆ ಸುಖ ನನಗೆ ಸಿಕ್ಕಲಿಲ್ಲ.

ಡಾಕ್ಟರು ವಾರಕ್ಕೊಮ್ಮೆ ಜೀಪಿನಿಂದಲೇ ಕೈ ಬೀಸಿ "ಹೌ ಈಸ್ ಅವರ್ ಬೇಬಿ?" ಎಂದು ಕೇಳಿ ಹೋಗುತ್ತಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುವಂತೆ ಹೊಸ ತಳಿಗೆ ತಮ್ಮ ಮನೆದೇವರ ಹೆಸರನ್ನೂ ಇಟ್ಟು ಮುಗಿಸಿದ್ದರು.

ಗೋಧಿ, ರೈ ಕೂಡಿ ಹುಟ್ಟಿದ ಗಿಡ ನೋಡಲು ಭರ್ಜರಿ. ಅಪ್ಪನ ಎತ್ತರ, ಅಮ್ಮನ ತೆನೆ. ಆದರೆ ಒಳಗೆ ಪೂರಾ ಜಳ್ಳು, ಒಂದು ಕಾಳೂ ಕಟ್ಟದು. ಎರಡು ಕಡೆಯ ವರ್ಣತಂತುಗಳೂ ಒಂದಕ್ಕೊಂದು ಜೋಡಿಯಾಗಲು ಒಪ್ಪದೆ ಮುಖ ತಿರುಗಿಸಿಕೊಂಡು ಕೂರುತ್ತವೆ. ಇದಕ್ಕೆ ಒಂದು ವಿಷದ ಮದ್ದಿದೆ, ಕೊಲ್ಚಿಸಿನ್ ಎಂದು. ಎಳೆಯ ಸುಳಿಗೆ ಅದರ ನೀರು ಕುಡಿಸಿದರೆ ವರ್ಣತಂತುಗಳೆಲ್ಲ ಇಮ್ಮಡಿಯಾಗಿ ಪ್ರತಿಯೊಂದಕ್ಕೂ ತನ್ನದೇ ಜೋಡಿ ಸಿಗುತ್ತದೆ. ಅದೃಷ್ಟವಿದ್ದರೆ ಗಿಡ ಫಲವಂತಿಯಾಗುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಹೆಚ್ಚಿನವು ಸತ್ತವು. ಉಳಿದವನ್ನು ಕುಂಡದಲ್ಲಿ ಹಾಕಿ, ಸೊಳ್ಳೆಪರದೆ ಕಟ್ಟಿ, ಮಳೆಗಾಲವೆಲ್ಲ ಬಾಣಂತಿಯ ಹಾಗೆ ನೋಡಿಕೊಂಡೆ. ಎರಡನೆಯ ಚಳಿಗಾಲದ ಕೊನೆಯಲ್ಲಿ, ಒಂದೇ ಒಂದು ಗಿಡದ ತೆನೆಗಳನ್ನು ಹಿಸುಕಿದಾಗ ಬೆರಳಿಗೆ ಗಟ್ಟಿ ಏನೋ ತಾಗಿತು.

ಕಾಳು! ಕೂಗಿಕೊಂಡು ಲ್ಯಾಬಿಗೆ ಓಡಿದೆ. ಡಾಕ್ಟರು, ಸೂಪರಿಂಟೆಂಡೆಂಟರು, ತೋಟದ ಆಳುಗಳು, ಎಲ್ಲರೂ ಬಂದು ನೋಡಿದರು. ನೋಡಲು ಚೆಂದವಿರಲಿಲ್ಲ. ಉದ್ದವಾಗಿ, ಬಡಕಲಾಗಿ, ಮೈಯೆಲ್ಲ ಸುಕ್ಕು. ಇಂಥ ಹೊಸ ತಳಿಯಲ್ಲಿ ಮೊದಲ ಕಾಳು ಹೀಗೇ ಇರುತ್ತದೆ, ತಲೆಮಾರು ಕಳೆದಂತೆ ತುಂಬಿಕೊಳ್ಳುತ್ತದೆ. ಸೂಪರಿಂಟೆಂಡೆಂಟರು ಒಂದನ್ನು ಉಗುರಲ್ಲಿ ಒತ್ತಿ ನೋಡಿ "ಪರವಾಗಿಲ್ಲಮ್ಮ, ಗಟ್ಟಿ ಇದೆ" ಎಂದರು. ಎಲ್ಲ ಸೇರಿ ಒಂದು ಸಣ್ಣ ಹಿಡಿಯಷ್ಟಾಯಿತು. ಗಿಡ ಅಲ್ಲಿಗೆ ಒಣಗಿತು. ಅರ್ಧ ಕಾಳನ್ನು ಲ್ಯಾಬಿನಲ್ಲೇ ಇಡೋಣ ಸರ್ ಎಂದೆ. ಡಾಕ್ಟರು ಬೇಡವೆಂದು ಎಲ್ಲವನ್ನೂ ಪೊಟ್ಟಣ ಕಟ್ಟಿ, ತಮ್ಮ ಬೀರುವಿಗೆ ಹಾಕಿ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅಷ್ಟು ಭದ್ರ.

ಆ ತಿಂಗಳೇ ಡಾಕ್ಟರ ಗೃಹಪ್ರವೇಶ. ಇಂದಿರಾನಗರ ಆಗಿನ್ನೂ ನಗರವಾಗಿರಲಿಲ್ಲ, ಬರೀ ಸೈಟು, ಕಲ್ಲುಗುಡ್ಡೆ, ಲಂಟಾನದ ಪೊದೆ. ಮಧ್ಯೆ ಇವರ ಮಹಡಿ ಮನೆ. ಬಾಳೆಕಂಬ ಕ್ಷೇತ್ರದ ಟ್ರ್ಯಾಕ್ಟರಿನಲ್ಲಿ ಬಂತು, ಶಾಮಿಯಾನ ಕಟ್ಟಲು ಕ್ಷೇತ್ರದ ಆಳುಗಳು ಬಂದರು, ಪೂಜಾ ಸಾಮಾನಿನ ಉಸ್ತುವಾರಿ ಸೂಪರಿಂಟೆಂಡೆಂಟರದು. ನನ್ನದು, ಹೇಳಬೇಕಾಗಿಲ್ಲ, ರಂಗೋಲಿ, ಕುಂಕುಮ. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ದಿನ ಕೆ.ಆರ್. ಪುರದಲ್ಲಿ ಸಂಶೋಧನೆ ಮಾಡಲು ಒಂದು ಕಾಗೆಯೂ ಉಳಿದಿರಲಿಲ್ಲ.

ಬೆಳಿಗ್ಗೆ ಡಾಕ್ಟರು ಮಡಿಪಂಚೆಯುಟ್ಟು ಬೀಜದ ಪೊಟ್ಟಣವನ್ನು ತಂದು ಹೂವಿನ ತಟ್ಟೆಯಲ್ಲಿಟ್ಟದ್ದನ್ನು ಕಂಡು ರಂಗೋಲಿ ಅರ್ಧಕ್ಕೇ ಬಿಟ್ಟು ಓಡಿದೆ.

"ಸರ್, ಅದ್ಯಾಕೆ ಇಲ್ಲಿಗೆ ತಂದ್ರಿ?"

"ಕಮಿಟಿ ಮುಂದೆ ಇಡೋಕ್ ಮುಂಚೆ ದೇವ್ರ ಮುಂದೆ ಇಡ್ಬೇಕಮ್ಮ. ಸೈನ್ಸು ಎಷ್ಟೇ ಓದಿದ್ರೂ ಮೇಲೊಬ್ಬ ಇದ್ದಾನೆ" ಎಂದು ಮೇಲೆ ನೋಡಿದರು. ಮೇಲೆ ಮಹಡಿಯಿತ್ತು.

ಗೃಹಪ್ರವೇಶವೆಂದರೆ ನವಗ್ರಹ ಪೂಜೆ ಇರಲೇಬೇಕು. ಒಂಬತ್ತು ಗ್ರಹಕ್ಕೆ ಒಂಬತ್ತು ಬಟ್ಟೆ ಹಾಸಿ, ಒಂದೊಂದರ ಮೇಲೂ ಅದರದರ ಧಾನ್ಯವನ್ನು ಗುಪ್ಪೆ ಹಾಕುತ್ತಾರೆ. ಚಂದ್ರನಿಗೆ ಅಕ್ಕಿ, ಶುಕ್ರನಿಗೆ ಅವರೆ, ಶನಿಗೆ ಎಳ್ಳು, ಕೇತುವಿಗೆ ಹುರುಳಿ, ಹೀಗೆ. ಸೂರ್ಯನಿಗೆ ಗೋಧಿ. ಪೂಜೆ ಮುಗಿದ ಮೇಲೆ ಅಷ್ಟೂ ಧಾನ್ಯ ಪುರೋಹಿತರಿಗೆ ದಾನ. ನಮ್ಮ ಸೂಪರಿಂಟೆಂಡೆಂಟರು ಒಂಬತ್ತು ಪೊಟ್ಟಣವನ್ನೇನೋ ತಂದಿದ್ದರು. ಆದರೆ ಅವರೆಕಾಯಿಯ ಕಾಲವಲ್ಲವೇ, ಮೈಮರೆತು ಅವರೆಕಾಳನ್ನೇ ಎರಡು ಸಲ ಕಟ್ಟಿಸಿಕೊಂಡು ಬಂದಿದ್ದರು. ಶುಕ್ರನಿಗೆ ಎರಡು ಪಾಲು, ಸೂರ್ಯನಿಗೆ ಸೊನ್ನೆ. ಗೋಧಿಯ ಸಂಶೋಧನಾ ಕ್ಷೇತ್ರದ ಅಷ್ಟೂ ಸಿಬ್ಬಂದಿ ಸೇರಿ ನಡೆಸಿದ ಪೂಜೆಯಲ್ಲಿ ಇಲ್ಲದ್ದು ಗೋಧಿ ಒಂದೇ.

"ಸೂರ್ಯಂಗೆ ಗೋಧಿ ಎಲ್ರೀ?" ಎಂದು ಪುರೋಹಿತರು ಮಂತ್ರದ ನಡುವೆಯೇ ಗದರಿದರು. ಅವರಿಗೆ ಅವತ್ತು ಇನ್ನೂ ಮೂರು ಮನೆ ಇದ್ದವು. ಸೂಪರಿಂಟೆಂಡೆಂಟರು ಬೆವರಿ ಆ ಪೊಟ್ಟಣ ಈ ಪೊಟ್ಟಣ ತಡಕಾಡಿದರು. ಪುರೋಹಿತರ ಕಣ್ಣು ಹೂವಿನ ತಟ್ಟೆಯ ಮೇಲೆ ಬಿತ್ತು. "ಇಲ್ಲೇ ಇದ್ಯಲ್ಲ!" ಎಂದು ನಮ್ಮ ಪೊಟ್ಟಣ ಬಿಚ್ಚಿ, ಎರಡು ಚಳಿಗಾಲವನ್ನು ಕೆಂಪು ಬಟ್ಟೆಯ ಮೇಲೆ ಸುರಿದರು.

ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ನಾನು "ಅಯ್ಯೋ, ಅದಲ್ಲ!" ಎಂದೆ. ಸೂಪರಿಂಟೆಂಡೆಂಟರು "ಶ್! ಸಂಕಲ್ಪ ಆಗಿದೆ, ಮಧ್ಯೆ ಮಾತಾಡ್ಬಾರ್ದು" ಎಂದು ಕಣ್ಣು ಬಿಟ್ಟರು. ನಾನು ಡಾಕ್ಟರನ್ನು ನೋಡಿದೆ. ಅವರೂ ಕಂಡಿದ್ದರು. ಕೈಗೆ ಕಂಕಣ, ಪಕ್ಕದಲ್ಲಿ ಹೆಂಡತಿ, ಎದುರಿಗೆ ಬೀಗರು. ಸುಮ್ಮನಿರು ಎಂಬಂತೆ ನನಗೆ ಕಣ್ಣಲ್ಲೇ ಹೇಳಿ ಕೈ ಮುಗಿದುಕೊಂಡರು. ಸೂರ್ಯನಿಗೇ ನೇರವಾಗಿ ತಲುಪಿದ್ದು ಶುಭಶಕುನವೆಂದೂ ಪೂಜೆಯಾದ ಮೇಲೆ ಎತ್ತಿಕೊಂಡರಾಯಿತೆಂದೂ ಆಗ ಅಂದುಕೊಂಡರಂತೆ. ಅಷ್ಟರಲ್ಲಿ ಅವರ ಹೆಂಡತಿ ನನ್ನನ್ನು ಕರೆದು, ಹೆಂಗಸರಿಗೆ ತಾಂಬೂಲ ಕೊಡಲು ಶಾಮಿಯಾನಕ್ಕೆ ಅಟ್ಟಿದರು.

ಒಳಗೆ ನಡೆದದ್ದನ್ನು ಆಮೇಲೆ ತೋಟದ ಆಳುಗಳು ಹೇಳಿದರು. ದಾನ ಕೊಡುವಾಗ ಯಜಮಾನ ನೀರು ಬಿಟ್ಟು "ನ ಮಮ" ಎನ್ನಬೇಕು, ಇದು ನನ್ನದಲ್ಲ ಎಂದರ್ಥ. ಒಂದೊಂದು ಗ್ರಹಕ್ಕೂ ಡಾಕ್ಟರು ಗಟ್ಟಿಯಾಗಿ, ಸ್ಪಷ್ಟವಾಗಿ ಹಾಗೆಂದರು. ಸೂರ್ಯನಿಗೂ ಅಂದರು. ಪಾಪ, ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆ ಗೋಧಿ ಅವರದ್ದಾಗಿರಲೂ ಇಲ್ಲ. ಪುರೋಹಿತರು ಒಂಬತ್ತು ಗುಪ್ಪೆಯನ್ನೂ ಒಂದೇ ಗಂಟಿಗೆ ಬಳಿದು, ಗಂಟನ್ನು ಸೈಕಲ್ಲಿಗೆ ಸಿಕ್ಕಿಸಿ ಮುಂದಿನ ಮನೆಗೆ ಹೊರಟರು. ನಾನು ತಾಂಬೂಲ ಮುಗಿಸಿ ಓಡಿ ಬಂದಾಗ ಸೂರ್ಯ ಚಂದ್ರರಿದ್ದ ಜಾಗವನ್ನು ಗುಡಿಸಿ ಎಲೆ ಹಾಕಿದ್ದರು. ಡಾಕ್ಟರು ಎರಡನೇ ಹೋಳಿಗೆಯಲ್ಲಿದ್ದರು.

"ಸರ್, ಬೀಜ ಹೋಯ್ತು!"

"ಎಲ್ಲಿ ಹೋಗತ್ತೆ? ಊಟ ಆಗ್ಲಿ. ಪುರೋಹಿತರ ಮನೆ ಹಲಸೂರಲ್ಲೇ, ನಿಮ್ಮ ಮನೆ ಹತ್ರಾನೇ ಅಂತೆ. ಹೋಗ್ತಾ ಇಸ್ಕೊಂಡು ಹೋಗು. ನೀನು ಊಟ ಮಾಡಿದ್ಯೋ ಇಲ್ವೋ?"

ಮಾಡಿರಲಿಲ್ಲ, ಮಾಡಲೂ ಇಲ್ಲ. ಬಸ್ಸಿಗೂ ಕಾಯದೆ ನಡೆದುಕೊಂಡೇ ಹಲಸೂರು ಸೇರಿದೆ. ಕೆರೆಯ ಕಡೆಯಿಂದ ಬಂದು ಬೀದಿ ಬೀದಿ ವಿಚಾರಿಸಿ ಮನೆ ಹುಡುಕುವಷ್ಟರಲ್ಲಿ ಇಳಿಹೊತ್ತು. ಪುರೋಹಿತರು ಇನ್ನೂ ಬಂದಿರಲಿಲ್ಲ, ಗಂಟನ್ನು ಮಧ್ಯಾಹ್ನವೇ ಮನೆಗೆ ಕೊಟ್ಟು ಹೋಗಿದ್ದರು. ಅವರ ಹೆಂಡತಿ ಹಿತ್ತಲ ಮೆಟ್ಟಿಲ ಮೇಲೆ ಮೊರ ಹಿಡಿದು ಕೂತಿದ್ದರು. ಪಕ್ಕದಲ್ಲಿ ಸಾಲಾಗಿ ಡಬ್ಬಗಳು: ತೊಗರಿ, ಹೆಸರು, ಕಡಲೆ, ಎಳ್ಳು, ಎಲ್ಲ ಬೇರೆ ಬೇರೆ ಮಾಡಿ, ಕೇರಿ, ಹಸನಾಗಿ ತುಂಬಿಟ್ಟಿದ್ದರು. ಗೋಧಿಯ ಡಬ್ಬ ಮಾತ್ರ ಕಾಣಲಿಲ್ಲ.

"ಅಮ್ಮ, ಇಂದಿರಾನಗರದ ಮನೆ ಗಂಟಲ್ಲಿ ಗೋಧಿ ಇತ್ತಲ್ಲ..."

"ಅಯ್ಯೋ, ಅದನ್ನ ಗೋಧಿ ಅಂತಾರೇನಮ್ಮ?" ಎಂದು ಅವರು ಮೊರವನ್ನು ಪಕ್ಕಕ್ಕಿಟ್ಟೇಬಿಟ್ಟರು. "ಒಂದು ಕಾಳಾದ್ರೂ ನೆಟ್ಟಗಿರ್ಲಿಲ್ಲ. ಪೂರಾ ಸೊರಗಿದ್ದು, ಸುಕ್ಕು ಸುಕ್ಕು. ಇಷ್ಟು ದೊಡ್ಡ ಮಹಡಿ ಮನೆ ಕಟ್ಟಿಸೋರಿಗೆ ಸೂರ್ಯಂಗೆ ಒಂದು ಹಿಡಿ ಒಳ್ಳೆ ಗೋಧಿ ತರೋಕ್ ಆಗ್ಲಿಲ್ವಾ? ದಾನ ಅಂದ್ರೆ ಸಾಕು, ಅಂಗಡೀಲಿ ಇರೋ ಕಳಪೆನೆಲ್ಲ ನಮಗೇ ಕಟ್ತಾರೆ."

"ಅದನ್ನ ಏನ್ ಮಾಡಿದ್ರಿ?"

"ಇನ್ನೇನ್ ಮಾಡ್ತಾರೆ? ಕೇರಿ ಕಲಗಚ್ಚಿಗೆ ಹಾಕ್ದೆ. ಹಾಲಿನವನು ಬಂದು ಎಮ್ಮೆಗೆ ಕುಡಿಸ್ಕೊಂಡು ಹೋದ. ಒಂದಿಷ್ಟು ಅಲ್ಲೇ ಚೆಲ್ಲಿತ್ತು, ಗುಬ್ಬಿಗಳು ತಿಂದ್ವು. ಯಾಕಮ್ಮ? ನೀನ್ಯಾಕೆ ಹಿಂಗೆ ಬೆವರ್ತಿದ್ಯ? ಕೂತ್ಕೊ, ನೀರು ಕೊಡ್ತೀನಿ."

ನಾನು ಚಪ್ಪಡಿಯ ಸಂದುಗಳಲ್ಲೆಲ್ಲ ಬೆರಳು ತೂರಿಸಿ ಹುಡುಕಿದೆ. ಗುಬ್ಬಿ ಕುಕ್ಕಿ ಬಿಟ್ಟ ಹೊಟ್ಟು ಸಿಕ್ಕಿತು. ಎರಡು ಚೂರು ಸಿಕ್ಕವು, ಭ್ರೂಣವಿರುವ ತುದಿ ಎರಡರಲ್ಲೂ ಇರಲಿಲ್ಲ. ಆಕೆ ಪಾಪ, ಕಿವಿಯೋಲೆ ಕಳೆದಿದೆಯೇನೋ ಎಂದುಕೊಂಡು ನನ್ನ ಜೊತೆ ತಾನೂ ಬಗ್ಗಿ ಹುಡುಕಿದರು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸೂರ್ಯನ ಮೇಲೆ ಬಂತು. ದಾರಿಯಲ್ಲಿ ಆ ಹಾಲಿನವನ ಕೊಟ್ಟಿಗೆಯ ಮುಂದೆ ಎಮ್ಮೆಯನ್ನೂ ನೋಡಿದೆ. ಜಗತ್ತಿನಲ್ಲಿ ಕೆಲವೇ ದೇಶಗಳಿಗೆ ದಕ್ಕಿದ್ದ ಧಾನ್ಯವನ್ನು ತಿಂದು ಅದು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಮಾರ್ಚ್ ಬಂತು, ಕಮಿಟಿಯೂ ಬಂತು. ಮೂವರು ಗಂಡಸರು, ಒಂದು ಕಾರು, ಡ್ರೈವರಿಗೊಂದು ಹಾರ ಸೇರಿ ನಾಲ್ಕು ಹಾರ. ಅಧ್ಯಕ್ಷರು ದಿಲ್ಲಿಯ ಹಿರಿಯರು, ಹಣೆಯ ಮೇಲೆ ಸಣ್ಣದೊಂದು ಚಂದನದ ಚುಕ್ಕೆ. ಕುಂಡದಲ್ಲಿ ಒಣಗಿ ನಿಂತಿದ್ದ ನನ್ನ ಗಿಡವನ್ನು ನೋಡಿ "ಬೀಜ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಡಾಕ್ಟರು ಕನ್ನಡಕ ಒರೆಸಿಕೊಂಡರು. "ಹೇಳೋಕೆ ಬೇಸರ ಆಗುತ್ತೆ. ಕಾಳು ಕಟ್ಟಿತ್ತು. ನಮ್ಮ ಟೆಂಪರರಿ ಅಸಿಸ್ಟೆಂಟಿನ ಅಜಾಗರೂಕತೆಯಿಂದ ಕಳೆದುಹೋಯಿತು. ಚಿಕ್ಕ ಹುಡುಗಿ, ಅನುಭವ ಸಾಲದು" ಎಂದು, ಅದೂ ಇಂಗ್ಲಿಷಿನಲ್ಲೇ, ಬಹಳ ಚೆನ್ನಾಗಿ ಹೇಳಿ ನನ್ನ ಕಡೆ ಮರುಕದಿಂದ ನೋಡಿದರು.

ಅತ್ತೆ ಮೇಲಿನ ಕೋಪ ಕೊತ್ತಿಯ ಮೇಲೆ ತೀರಿಸುವುದನ್ನು ಕೇಳಿದ್ದೆ. ಸೂರ್ಯನಿಗೆ ಕೊಟ್ಟ ದಾನದ ಲೆಕ್ಕವನ್ನು ಅಸಿಸ್ಟೆಂಟಿನ ತಲೆಗೆ ಕಟ್ಟುವುದನ್ನು ಅವತ್ತೇ ನೋಡಿದ್ದು. ಕೆಲಸ ಹೋಗುವುದು ಹೋಗಲಿ, ಬೀಜ ಕಳೆದವಳೆಂಬ ಹೆಸರು ಹೊತ್ತು ಹೋಗಲಾರೆ ಎನ್ನಿಸಿತು. ಬಾಯಿ ತೆರೆದೆ. ಬೀರುವಿನ ಬೀಗ, ಹೂವಿನ ತಟ್ಟೆ, ಎರಡು ಪೊಟ್ಟಣ ಅವರೆಕಾಳು, ನ ಮಮ, ಮೊರ, ಎಮ್ಮೆ, ಒಂದನ್ನೂ ಬಿಡದೆ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಸೂಪರಿಂಟೆಂಡೆಂಟರು ನೆಲ ನೋಡುತ್ತಿದ್ದರು. ಇಬ್ಬರು ಸದಸ್ಯರು ನಗು ತಡೆಯಲು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು.

ಅಧ್ಯಕ್ಷರು ಮಾತ್ರ ನಗಲಿಲ್ಲ. ಬಹಳ ಗಂಭೀರವಾಗಿ ಡಾಕ್ಟರ ಕಡೆ ತಿರುಗಿ ಕೇಳಿದರು: "ಪೂಜೆ ವಿಘ್ನವಿಲ್ಲದೆ ಮುಗಿಯಿತೇ?"

"ಮುಗಿಯಿತು ಸರ್."

"ದಾನವನ್ನು ವಾಪಸ್ಸು ಕೇಳಿಸಲಿಲ್ಲ ತಾನೇ?"

ಡಾಕ್ಟರು ನನ್ನನ್ನು ನೋಡಲಿಲ್ಲ. "ಇಲ್ಲ ಸರ್. ಅದು ಹೇಗೆ ಸಾಧ್ಯ?"

"ಒಳ್ಳೆಯದು" ಎಂದು ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. "ಸೂರ್ಯನೇ ತಾನೆ ಬೆಳೆ ಕೊಡುವವನು. ಮತ್ತೆ ಕೊಡುತ್ತಾನೆ." ಆಮೇಲೆ ಎಲ್ಲರೂ ಊಟಕ್ಕೆ ಹೋದರು.

ಯೋಜನೆ ಮುಂದುವರಿಯಿತು. ನಾನು ಮುಂದುವರಿಯಲಿಲ್ಲ. ನನ್ನ ಜಾಗಕ್ಕೆ ಬಾಯಿ ಕಮ್ಮಿ ಇದ್ದ ಒಬ್ಬರು ಬಂದರು. ಅಪ್ಪ ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಗಂಡಿನವರು ಬಂದುಹೋಗುವುದರ ನಡುವೆ ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಹುಡುಕಿಕೊಂಡೆ. ಮಕ್ಕಳಿಗೆ ದಾಸವಾಳದ ಹೂವಿನ ಭಾಗಗಳನ್ನು ಹೇಳಿಕೊಡುತ್ತಿದ್ದೆ. ದಾಸವಾಳದಲ್ಲಿ ಎಲ್ಲವೂ ದೊಡ್ಡದು, ಹೊರಗೇ ನೇತಾಡುತ್ತದೆ, ಚಿಮಟವೇ ಬೇಡ.

ಮುಂದಿನ ಚಳಿಗಾಲ ನಮ್ಮ ಬಾಗಿಲಲ್ಲಿ ಜೀಪು ನಿಂತಿತು. ಡಾಕ್ಟರೇ ಬಂದರು. ಅಮ್ಮ ಗಡಿಬಿಡಿಯಲ್ಲಿ ಹಾಲು ಹಾಕಿದ ಕಾಫಿ ಕೊಟ್ಟಳು, ಮಾತಿಲ್ಲದೆ ಕುಡಿದರು. ಮೊದಲ ಸಲ ನನ್ನನ್ನು ನೀವು ಎಂದರು.

"ನೋಡಿ, ನೀವು ಹೋದ್ಮೇಲೆ ಒಂದು ಕಾಳೂ ಕಟ್ಟಿಲ್ಲ. ಬಂದೋರೆಲ್ಲ ಹೂವನ್ನೇ ಕಿತ್ತು ಹಾಕ್ತಾರೆ. ಈಗ ರೈ ಹೂ ಬಿಟ್ಟಿದೆ. ಬೆಳಗಿನ ಹೊತ್ತು ಬಂದು ಹೋಗಿ, ಸಾಕು. ದಿನಗೂಲಿ ಮೇಲೆ ಹಾಕಿಸ್ತೀನಿ."

ಹೋಗಬೇಕೆಂದು ಕೈ ತುರಿಸಿತು. ಸುಳ್ಳೇಕೆ, ದಿನಗೂಲಿಯಲ್ಲ, ಬಿಟ್ಟಿಯಾಗಿ ಕರೆದಿದ್ದರೂ ಹೋಗುತ್ತಿದ್ದೆ. ಒಂದನ್ನು ಮಾತ್ರ ಕೇಳಿದೆ. "ಬೀಜ ಕಳೆದದ್ದು ನಾನಲ್ಲ ಅಂತ ಆಫೀಸಲ್ಲಿ ಎಲ್ರ ಮುಂದೆ ಒಂದ್ಸಲ ಹೇಳ್ಬಿಡಿ ಸರ್. ನಾಳೆನೇ ಬರ್ತೀನಿ."

"ಹಳೇದನ್ನೆಲ್ಲ ಯಾಕಮ್ಮ ಈಗ ಕೆದಕ್ತೀಯ?" ಎಂದರು. ಆ "ನೀವು" ಅಷ್ಟರಲ್ಲೇ ಮುಗಿದುಹೋಗಿತ್ತು. ಕಾಫಿ ಲೋಟ ಕೆಳಗಿಟ್ಟು ಎದ್ದರು. ನಾನು ಹೋಗಲಿಲ್ಲ. ಆ ವಾರವೆಲ್ಲ ಬೆಳಿಗ್ಗೆ ಎಚ್ಚರವಾದ ಕೂಡಲೇ, ಈಗ ಪರಾಗ ಉದುರುವ ಹೊತ್ತು ಎನ್ನುವುದೊಂದೇ ಯೋಚನೆ.

ಕೆಲವು ವರ್ಷಗಳ ಮೇಲೆ, ನನಗೆ ಮದುವೆಯಾಗಿ ಮಗುವಾದ ಮೇಲೆ, ಹಲಸೂರಿನ ಬಸ್ಸಿನಲ್ಲಿ ಸೂಪರಿಂಟೆಂಡೆಂಟರು ಸಿಕ್ಕರು. ರಿಟೈರಾಗಿದ್ದರು. ಪ್ರೀತಿಯಿಂದಲೇ ಮಾತಾಡಿಸಿ, ಮಗುವಿನ ಗಲ್ಲ ಸವರಿದರು.

"ಸ್ಕೀಮು ಮುಚ್ಚಿಬಿಟ್ರಮ್ಮ. ಬೆಂಗಳೂರಿನ ಹವೆಯಲ್ಲಿ ಗೋಧಿ, ರೈ ಕೂಡಿದ್ರೆ ಕಾಳು ಕಟ್ಟೋದೇ ಇಲ್ವಂತೆ. ಡಾಕ್ಟ್ರು ಹಾಗಂತ ಹೇಳಿದ್ರು, ದಿಲ್ಲಿಯೋರೂ ಒಪ್ಕೊಂಡ್ರು. ಹವೆ ತಾನೆ, ಯಾರ ತಪ್ಪೂ ಇಲ್ಲ."

"ಕಟ್ಟಿತ್ತು ಸಾರ್" ಎಂದೆ. "ನನ್ನ ಗಿಡದಲ್ಲಿ ಕಟ್ಟಿತ್ತು. ನೀವೇ ಕೈಯಲ್ಲಿ ಹಿಡಿದು ನೋಡಿದ್ರಿ, ಗಟ್ಟಿ ಇದೆ ಅಂದ್ರಿ."

ಅವರು ಹಣೆ ಉಜ್ಜಿಕೊಂಡು, ನಿಜವಾಗಿಯೂ ಪ್ರಯತ್ನಪಟ್ಟು ಜ್ಞಾಪಿಸಿಕೊಂಡರು.

"ನಾನಾ?" ಎಂದರು. "ಇರ್ಲಿಕ್ಕಿಲ್ಲಮ್ಮ. ನಂಗೆ ಹಾಗೇನೂ ನೆನಪಿಲ್ಲ." ಅಷ್ಟರಲ್ಲಿ ಅವರ ಸ್ಟಾಪ್ ಬಂತು, ಮಗುವಿಗೆ ಟಾಟಾ ಮಾಡಿ ಇಳಿದುಹೋದರು.